ಹಕ್ಕಿಗಳು ಬಿಟ್ಟ ಕಾಳು

ಹೋದ ವಾರ ಮನೆಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಈಗಿನ ಮನೆಗಳಿಗೆ ದಿನಕ್ಕೊಂದು ಪೆಟ್ಟಿಗೆ ಬರುತ್ತದೆ, ಅದರಲ್ಲಿ ವಿಶೇಷವೇನಿಲ್ಲ. ಬಾಗಿಲು ತೆರೆದು ಅದನ್ನು ತೆಗೆದುಕೊಳ್ಳುವುದೇ ನನ್ನಂಥ ಮುದುಕಿಯರಿಗೆ ಉಳಿದಿರುವ ಆಫೀಸ್ ಕೆಲಸ. ಮೊಮ್ಮಗಳು ಕತ್ತರಿ ಹಾಕಿ ಬಿಚ್ಚಿದಳು. ಒಳಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಮನೆ, ಅದನ್ನು ಕಿಟಕಿಯ ಗಾಜಿಗೆ ಅಂಟಿಸಲು ಮೂರು ರಬ್ಬರ್ ಬಟ್ಟಲು, ಒಂದು ಲೀಫ್‌ಲೆಟ್, ಒಂದು ಪ್ಯಾಕೆಟ್ ಕಾಳು. ಬರ್ಡ್ ಫೀಡರ್. ಶಾಲೆಯಲ್ಲಿ ಪ್ರಾಜೆಕ್ಟ್ ಅಂತೆ. ಅವಳು ಪ್ಯಾಕೆಟ್ಟಿನ ಮೂಲೆ ಹರಿದು ನನ್ನ ಮೂಗಿನ ಹತ್ತಿರ ಹಿಡಿದು, "ಅಜ್ಜಿ, ಸ್ಮೆಲ್ ಕರೋ ನಾ" ಎಂದಳು. ನಮ್ಮ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ.

ನವಣೆ, ಸಜ್ಜೆ, ಸೂರ್ಯಕಾಂತಿ ಬೀಜ. ಗೋದಾಮಿನಲ್ಲೆಲ್ಲೋ ಸ್ವಲ್ಪ ತೇವ ತಾಗಿರಬೇಕು, ತೆಳುವಾಗಿ ಮುಗ್ಗಿದ ವಾಸನೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹುಡುಗಿ ನಕ್ಕಳು, ಅಜ್ಜಿಗೆ ಅಲರ್ಜಿ ಎಂದುಕೊಂಡಿರಬೇಕು. ನಿಮಗೂ ನನ್ನಷ್ಟು ವಯಸ್ಸಾಗಿದ್ದರೆ ಗೊತ್ತಿರುತ್ತದೆ, ಮೂಗಿನ ಬಳಿ ಕ್ಯಾಲೆಂಡರ್ ಇರುವುದಿಲ್ಲ. ಮೂವತ್ತು ವರ್ಷದ ಹಿಂದಿನದನ್ನೂ ಇವತ್ತಿನದನ್ನೂ ಅದು ಒಂದೇ ಬಾಗಿಲಿನಿಂದ ಒಳಗೆ ಬಿಡುತ್ತದೆ.

ಒಂದು ಹಿಡಿ ಕಾಳಿನ ದೆಸೆಯಿಂದ ಒಂದು ಸಂಸಾರಕ್ಕೆ ತಲೆಯ ಮೇಲಿನ ಸೂರು ಹೋಗುವ ಹಾಗಾದ ಕಥೆ ಇದು. ಕಾಳು ನನ್ನದು. ಸೂರು ನೀಲವ್ವನದು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನಾನು ನನ್ನ ಫೀಡರುಗಳ ಬಗ್ಗೆ ಎಷ್ಟು ಕೊಚ್ಚಿಕೊಂಡರೂ ನೀವು ಮೋಸ ಹೋಗುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾವು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಒಂದು ಸೊಸೈಟಿಯ ಗ್ರೌಂಡ್ ಫ್ಲೋರಿನಲ್ಲಿದ್ದೆವು. ಗ್ರೌಂಡ್ ಫ್ಲೋರ್ ಎಂದರೆ ಸೊಳ್ಳೆ, ಗೋಡೆಯ ತೇವ, ಮೇಲಿನವರು ಬಾಚಿ ಎಸೆದ ತಲೆಗೂದಲು. ಇದಕ್ಕೆಲ್ಲ ಪರಿಹಾರವಾಗಿ ದೇವರು ಕೊಟ್ಟದ್ದು ಅಡುಗೆಮನೆಯ ಹಿಂದೆ, ಕಂಪೌಂಡ್ ಗೋಡೆಯವರೆಗಿನ ಎಂಟು ಅಡಿ ಅಗಲದ ಒಂದು ಪಟ್ಟಿ ನೆಲ. ಅಲ್ಲೊಂದು ಪೇರಳೆ ಮರ, ಒಂದು ಕರಿಬೇವಿನ ಗಿಡ, ಬಟ್ಟೆ ಒಣಗಿಸುವ ತಂತಿ. ನಾನು ಅದನ್ನು ಬ್ಯಾಕ್‌ಯಾರ್ಡ್ ಎನ್ನುತ್ತಿದ್ದೆ. ನಮ್ಮ ಯಜಮಾನರು ಗಟಾರದ ಬದಿ ಎನ್ನುತ್ತಿದ್ದರು. ಅವರು ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಬೆಳಗಿನ ಲೋಕಲ್ ಹಿಡಿದು ಹೋದರೆ ಹಿಂದಿರುಗುವುದು ರಾತ್ರಿಗೆ. ಹಗಲಿನ ಡೊಂಬಿವಲಿಯನ್ನು ಅವರು ನೋಡಿದ್ದೇ ಕಡಿಮೆ. ಮಗಳು ಶಾಲೆಗೆ ಹೋದ ಮೇಲೆ ಆ ಎಂಟು ಅಡಿಯ ರಾಜ್ಯ ಪೂರ್ತಿ ನನ್ನದು.

ಹಕ್ಕಿಗೆ ಕಾಳು ಹಾಕುವ ಹುಚ್ಚು ನನಗೆ ಹತ್ತಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಊಟದ ಬೆಲ್ ಆದ ಮೇಲೆ ಬ್ರೆಡ್ಡಿನ ಚೂರನ್ನೆಲ್ಲ ಕೂಡಿಸಿ ತೋಟದ ಒಂದು ಕಂಬದ ಮೇಲಿನ ಹಲಗೆಗೆ ಸುರಿಯುತ್ತಿದ್ದರು. ಗುಬ್ಬಚ್ಚಿಗಳನ್ನು ಅವರು 'ಗಾಡ್ಸ್ ಲಿಟಲ್ ಬೋರ್ಡರ್ಸ್', ದೇವರ ಹಾಸ್ಟೆಲಿನ ಪುಟ್ಟ ಮಕ್ಕಳು, ಎಂದು ಕರೆಯುತ್ತಿದ್ದರು. ನಾನು ಡೇ ಸ್ಕಾಲರ್, ದಿನಾ ಬಸ್ಸಿನಲ್ಲಿ ಬೆವರುತ್ತ ಬರುವವಳು. ಬೋರ್ಡರ್ ಎಂಬ ಶಬ್ದವೇ ನನಗೆ ಸ್ವರ್ಗದ ಹಾಗೆ ಕೇಳುತ್ತಿತ್ತು. ದೊಡ್ಡವಳಾದ ಮೇಲೆ ನಾನೂ ಒಂದು ಬೋರ್ಡಿಂಗ್ ಇಡಬೇಕು ಎಂದುಕೊಂಡಿದ್ದೆ. ಇಟ್ಟದ್ದು ಡೊಂಬಿವಲಿಯಲ್ಲಿ.

ಮೊದಲು ಸಿಸ್ಟರ್ ಮಾಡಿದಂತೆ ಹಲಗೆ. ಒಂದೇ ವಾರದಲ್ಲಿ ಅದು ಪಾರಿವಾಳಗಳ ಪಾಲಾಯಿತು. ಗುಬ್ಬಚ್ಚಿಗಳು ತಂತಿಯ ಮೇಲೆ ಕುಳಿತು ರೇಷನ್ ಅಂಗಡಿಯ ಕ್ಯೂನಂತೆ ಕಾಯುತ್ತಿದ್ದವು. ಆಮೇಲೆ ಜಾಮ್ ಬಾಟಲಿಯನ್ನು ಬೋರಲು ಹಾಕಿ ಕೆಳಗೊಂದು ತಟ್ಟೆ ಕಟ್ಟಿದೆ. ಕಾಗೆಯೊಂದು ಅದನ್ನು ಬೀಳಿಸುವುದನ್ನು ಕಲಿತುಕೊಂಡಿತು. ಆಗ ನಾನು ಓದಿದವರು ಮಾಡುವ ಕೆಲಸ ಮಾಡಿದೆ, ಲೈಬ್ರರಿಗೆ ಹೋದೆ. ಸ್ಟೇಷನ್ ಹತ್ತಿರದ ಬಾಡಿಗೆ ಲೈಬ್ರರಿಯಲ್ಲಿ ಹಕ್ಕಿಗಳಿಗೆ ಆಹಾರ ಇಡುವುದರ ಬಗ್ಗೆ ಒಂದೇ ಒಂದು ಪುಸ್ತಕವಿತ್ತು, ಅದೂ ಇಂಗ್ಲೆಂಡಿನದು. ಅದರಲ್ಲಿ ಹಿಮ, ರಾಬಿನ್, ಚಳಿಗೆ ಹೆಪ್ಪುಗಟ್ಟಿದ ನೀರಿನ ಬೋಗುಣಿ. ಹಕ್ಕಿಗಳಿಗೆ ಕೊಬ್ಬು ಅಗತ್ಯ, ಕೊಬ್ಬಿನಲ್ಲಿ ಕಡಲೆ ಬೀಜ ಕಲಸಿ ಉಂಡೆ ಮಾಡಿ ಮರಕ್ಕೆ ತೂಗುಹಾಕಿ ಎಂದಿತ್ತು. ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದದ್ದನ್ನು ಅನುಮಾನಿಸುವ ಅಭ್ಯಾಸ ನನಗಿರಲಿಲ್ಲ. ವನಸ್ಪತಿಯಲ್ಲಿ ಶೇಂಗಾ ಕಲಸಿ, ಫ್ರಿಜ್ಜಿನಲ್ಲಿಟ್ಟು, ಏಪ್ರಿಲ್ ತಿಂಗಳ ಹತ್ತು ಗಂಟೆ ಬಿಸಿಲಿನಲ್ಲಿ ಪೇರಳೆ ಮರಕ್ಕೆ ಕಟ್ಟಿದೆ. ಹನ್ನೊಂದಕ್ಕೆ ಅದು ಕೆಳಗೆ ಒಣಹಾಕಿದ್ದ ಯಜಮಾನರ ಬಿಳಿ ಶರ್ಟಿನ ಮೇಲೆ ಸುರಿಯುತ್ತಿತ್ತು.

ನೀಲವ್ವ ನನ್ನೊಡನೆ ಮೊದಲ ಬಾರಿ ಮಾತಾಡಿದ್ದು ಅವತ್ತು. ಅವಳ ಗಂಡ ಸಿದ್ರಾಮಪ್ಪ ನಮ್ಮ ಸೊಸೈಟಿಯ ವಾಚ್‌ಮನ್. ವಿಜಾಪುರದ ಕಡೆಯವರು, ಇಂಡಿ ತಾಲೂಕಿನಲ್ಲಿ ಎಲ್ಲೋ ಹಳ್ಳಿ. ನಮ್ಮ ಹಿತ್ತಿಲ ಪಟ್ಟಿಯ ತುದಿಯಲ್ಲಿ ನೀರಿನ ಪಂಪ್ ಇಟ್ಟ ಒಂದು ಕೋಣೆಯಿತ್ತು. ಪಂಪಿನ ಆಚೆಗೆ ಒಂದು ತಗಡಿನ ಅಡ್ಡಗೋಡೆ, ಅದರಾಚೆ ಗಂಡಹೆಂಡಿರ ಸಂಸಾರ. ವಾಚ್‌ಮನ್ ಕೆಲಸಕ್ಕೆ ಸಂಬಳಕ್ಕಿಂತ ಆ ಕೋಣೆಯೇ ದೊಡ್ಡದು ಎಂದು ಅವಳೇ ಒಮ್ಮೆ ಹೇಳಿದ್ದಳು. ಅದು ಸಿಗುವ ಮೊದಲು ನಾಲ್ಕು ವರ್ಷ ಶಹಾಡಿನಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗಿದ್ದರಂತೆ.

ಅವಳು ಶರ್ಟನ್ನು ನೋಡಿದಳು, ಮರವನ್ನು ನೋಡಿದಳು, ನನ್ನನ್ನು ನೋಡಿದಳು. ಬಹಳ ಗಂಭೀರವಾಗಿ ಕೇಳಿದಳು:

"ಹಕ್ಕಿಗಿ ವಗ್ಗರಣಿ ಹಾಕ್ಲಾಕತ್ತೀರೇನ್ರಿ, ಬಾಯಾರ?"

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಡೊಂಬಿವಲಿಯಲ್ಲಿ ಕನ್ನಡದಲ್ಲಿ ಯಾರಾದರೂ ಗೇಲಿ ಮಾಡಿದರೆ ಅದೂ ಒಂದು ತರಹದ ಊಟ. ಅವಳ ಕನ್ನಡ ನನ್ನ ಕನ್ನಡದಂತಿರಲಿಲ್ಲ. ನಮ್ಮ ಮನೆಮಾತು ತುಳು, ನನ್ನ ಕನ್ನಡ ಶಾಲೆಯದು, ಇಸ್ತ್ರಿ ಹಾಕಿದ್ದು. ಅವಳು ನನ್ನನ್ನು ನೀವು ಎನ್ನುತ್ತಿದ್ದಳು, ನಾನು ಅವಳನ್ನು ನೀನು ಎನ್ನುತ್ತಿದ್ದೆ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆಗ ಅದು ನನಗೆ ಕಂಡಿರಲೇ ಇಲ್ಲ.

ಅವಳ ಬಾಲ್ಯವೆಲ್ಲ ಹಕ್ಕಿ ಓಡಿಸುವುದರಲ್ಲೇ ಕಳೆದಿತ್ತು. ಜೋಳ ತೆನೆ ಕಟ್ಟುವ ಕಾಲಕ್ಕೆ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಹಾಕುತ್ತಾರಂತೆ. ಬೆಳಗಾಗುವುದರೊಳಗೆ ಅದರ ಮೇಲೆ ಹತ್ತಿ ನಿಂತು, ಕವಣೆಯಲ್ಲಿ ಕಲ್ಲಿಟ್ಟು ಬೀಸುತ್ತ, ಕೂಗುತ್ತ, ಸಂಜೆಯವರೆಗೆ ಹಕ್ಕಿ ಕಾಯಬೇಕು. ಒಂದು ಗುಂಪು ಇಳಿದರೆ ಒಂದು ಸಾಲು ಹೋಯಿತು ಎಂದೇ ಲೆಕ್ಕ. "ಹಕ್ಕಿ ಹೊಡದ್ ಹೊಡದ್ ಈ ತೋಳ ಒಂದ್ ಗೇಣ ಉದ್ದ ಆಗ್ಯಾದ್ರಿ" ಎಂದು ಬಲಗೈ ಚಾಚಿ ತೋರಿಸುತ್ತಿದ್ದಳು. ಅಂಥವಳ ಎದುರು ನಾನು ಹಕ್ಕಿಗಳನ್ನು ಬನ್ನಿ ಬನ್ನಿ ಎಂದು ಕರೆಯುತ್ತಿದ್ದೆ. ಆದರೆ ಶತ್ರುವನ್ನು ತಿಳಿದಷ್ಟು ಚೆನ್ನಾಗಿ ಸ್ನೇಹಿತನನ್ನು ಯಾರೂ ತಿಳಿದಿರುವುದಿಲ್ಲ. ಯಾವ ಹಕ್ಕಿ ಮೇಲಿನಿಂದ ತಿನ್ನುತ್ತದೆ, ಯಾವುದು ತೆನೆಗೆ ಜೋತುಬೀಳುತ್ತದೆ, ಯಾವುದು ಕೆಳಗೆ ಬಿದ್ದದ್ದನ್ನು ಮಾತ್ರ ಆರಿಸುತ್ತದೆ ಎಂಬುದೆಲ್ಲ ಅವಳ ಬಾಯಲ್ಲೇ ಇತ್ತು. ಬೆಕ್ಕು ಹಾರುವಷ್ಟು ಹತ್ತಿರ ಗೋಡೆ ಇರಬಾರದು, ಓಡಿ ಅಡಗಿಕೊಳ್ಳಲು ಪೊದೆ ದೂರವಿರಬಾರದು ಎಂದು ನನ್ನ ಪುಸ್ತಕ ಎರಡು ಪುಟದಲ್ಲಿ ಹೇಳಿದ್ದನ್ನು ಅವಳು ಕತ್ತು ತಿರುಗಿಸಿ ಒಂದು ಕೊಂಬೆ ತೋರಿಸಿ ಮುಗಿಸಿದಳು.

ಕಟ್ಟಿದ್ದು ಅವಳು ತೋರಿಸಿದ ಕೊಂಬೆಗೇ. ಕಟ್ಟಿದ ಫೀಡರ್ ಮಾತ್ರ ನನ್ನ ಆಯ್ಕೆ. ಕ್ರಾಫರ್ಡ್ ಮಾರ್ಕೆಟ್ಟಿನವರೆಗೆ ಹೋಗಿ ತಂದ ಹಸಿರು ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಆರು ತೂತು, ತೂತಿಗೊಂದು ಕೂರುವ ಕಡ್ಡಿ. ಅಂಗಡಿಯವನು ಜೊತೆಗೆ ಸೂರ್ಯಕಾಂತಿ ಬೀಜ ಬೆರೆಸಿದ 'ಇಂಪೋರ್ಟೆಡ್ ಮಿಕ್ಸ್' ಕೊಟ್ಟ. ನೀಲವ್ವ ಬೀಜಗಳನ್ನು ಅಂಗೈಯಲ್ಲಿ ಹರಡಿ ನೋಡಿ, ಗುಬ್ಬಿಗೆ ಇಷ್ಟು ದೊಡ್ಡದು ಯಾಕೆ, ಬರೀ ಜೋಳ, ನವಣೆ ಸಾಕು, ಕಲಸಿ ಕೊಟ್ಟರೆ ಅವು ಬೇಕಾದ್ದನ್ನು ತಿಂದು ಬೇಡದ್ದನ್ನು ಚೆಲ್ಲುತ್ತವೆ ಎಂದಳು. ನಾನು ಕೇಳಲಿಲ್ಲ. ಮಿಕ್ಸ್ ಎನ್ನುವುದು ನನಗೆ ಬ್ಯಾಲೆನ್ಸ್ಡ್ ಡಯಟ್ ಎಂಬ ಹಾಗೆ ಕೇಳಿಸಿತ್ತು. ಕಾಳುಗಳನ್ನು ಡಬ್ಬಿಗಳಲ್ಲಿ ತುಂಬಿ, ಪ್ರತಿ ಡಬ್ಬಿಗೂ ನೀಲಿ ಶಾಯಿಯಲ್ಲಿ ಲೇಬಲ್ ಬರೆದು ಅಂಟಿಸಿದೆ. ಕಾನ್ವೆಂಟಿನ ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರ; ಸಿಸ್ಟರುಗಳು ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಬಾರಿಸಿ ಕಲಿಸಿದ್ದು. ಇದೇನು, ಬಳ್ಳಿ ಹಬ್ಬಿದಂಗ ಅದ ಎಂದು ನೀಲವ್ವ ಬೆರಳು ತಾಗಿಸದೆ ಆ ಅಕ್ಷರಗಳ ಮೇಲೆ ಗಾಳಿಯಲ್ಲೇ ಬೆರಳಾಡಿಸಿದ್ದು ನೆನಪಿದೆ.

ಗುಬ್ಬಿಗಳು ಬಂದವು. ಮೊದಲು ಎರಡು, ಆಮೇಲೆ ಹನ್ನೆರಡು, ಆಮೇಲೆ ಎಣಿಸುವುದು ಬಿಟ್ಟೆ. ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲ್ ಹಾಕಿಕೊಂಡು ನಾನು, ಹೊರಗೆ ಬಟ್ಟೆ ಕಲ್ಲಿನ ಮೇಲೆ ಅವಳು. ಹಾಗೆ ಎಷ್ಟೋ ಹೊತ್ತು ಕೂತಿರುತ್ತಿದ್ದೆವು. ನಾನೊಂದು ನೋಟ್‌ಬುಕ್ ಇಟ್ಟು ದಿನವೂ ಬರೆಯುತ್ತಿದ್ದೆ. ಗುಬ್ಬಿಗಳು ಕೆಳಗೆ ಚೆಲ್ಲಿದ್ದು ಮರುದಿನ ಬೆಳಿಗ್ಗೆ ನೋಡಿದರೆ ಒಂದು ಕಾಳೂ ಇರುತ್ತಿರಲಿಲ್ಲ, ನೆಲ ಕನ್ನಡಿಯಂತೆ. ಬಿದ್ದ ಕಾಳನ್ನು ನೆಲದಲ್ಲಿ ಮೇಯುವ ಹಕ್ಕಿಗಳು ಮುಗಿಸುತ್ತವೆ ಎಂದು ನನ್ನ ಇಂಗ್ಲಿಷ್ ಪುಸ್ತಕದಲ್ಲಿತ್ತು. ನಮ್ಮಲ್ಲಿ ನೆಲದಲ್ಲಿ ಮೇಯುತ್ತಿದ್ದದ್ದು ಎರಡು ಬೆಳವ. 'ಡವ್ಸ್: ಎಕ್ಸಲೆಂಟ್ ಕ್ಲೀನರ್ಸ್' ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನೊಂದು ವಿಷಯ ಹೇಳಬೇಕು. ಸೊಸೈಟಿಯ ಪತ್ರಗಳನ್ನೆಲ್ಲ ಬರೆಯುತ್ತಿದ್ದವಳು ನಾನು. ನಮ್ಮ ಸೆಕ್ರೆಟರಿ ರಿಟೈರ್ಡ್ ಗುಮಾಸ್ತ, ಮರಾಠಿಯವರು, ಒಳ್ಳೆಯ ಮನುಷ್ಯ. ಆದರೆ ಮುನಿಸಿಪಾಲಿಟಿ ಹೆದರುವುದು ಇಂಗ್ಲಿಷಿಗೆ ಮಾತ್ರ ಎಂದು ದೃಢವಾಗಿ ನಂಬಿದ್ದವರು. ನೀರು ಬರದಿದ್ದರೆ, ಗಟಾರ ಉಕ್ಕಿದರೆ, ಲೆಟರ್‌ಹೆಡ್ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾನು ಕೈ ಒರೆಸಿಕೊಂಡು ಬಂದು ಬರೆದುಕೊಡುತ್ತಿದ್ದೆ. ಅವರು ಓದಿ ತಲೆಯಾಡಿಸಿ ಸಹಿ ಹಾಕುತ್ತಿದ್ದರು. ಹೆಣ್ಣುಮಕ್ಕಳೆಲ್ಲ ಹೊಸ ಸೀರೆ ತೋರಿಸುವಾಗ ನಾನು ಆ ಪತ್ರಗಳ ಬಗ್ಗೆ ಹೆಮ್ಮೆಪಡುತ್ತಿದ್ದೆ.

ಎರಡು ವರ್ಷ ಕಳೆದು, ಮೇ ತಿಂಗಳ ಕೊನೆಗೆ ನೀಲವ್ವ ಊರಿಗೆ ಹೋದಳು. ಮಗಳ ಹೆರಿಗೆ. ಸಿದ್ರಾಮಪ್ಪ ಒಬ್ಬನೇ ಉಳಿದ. ಅವಳಿಲ್ಲದೆ ಮಧ್ಯಾಹ್ನಗಳು ಖಾಲಿ ಎನಿಸಿ, ನಾನು ಗುಬ್ಬಿಗಳಿಗೆ ಒಂದರ ಬದಲು ಮೂರು ಹಿಡಿ ತುಂಬತೊಡಗಿದೆ. ನಾಲ್ಕಾರು ದಿನಕ್ಕೆ ಮರದ ಕೆಳಗೆ ಕಾಳಿನ ಚಾಪೆಯೇ ಹಾಸಿತು. ಬೆಳವಗಳು ಸೋಮಾರಿಯಾಗಿವೆ ಎಂದು ಬರೆದುಕೊಂಡೆ. ಆಮೇಲೆ ಮಳೆ ಬಂತು. ಕೊಳವೆಯ ತಳದಲ್ಲಿ ನೀರು ಹೋಗಲು ತೂತೇ ಇರಲಿಲ್ಲ; ಹಿಂದಿನ ಮಳೆಗಾಲದಲ್ಲಿ ಒಂದೇ ಹಿಡಿ ಹಾಕುತ್ತಿದ್ದುದರಿಂದ ಅದು ತಿಳಿದಿರಲಿಲ್ಲ. ಕಾಳು ಊದಿತು, ಮುಗ್ಗಿತು. ಕೆಳಗೆ ಬಿದ್ದದ್ದು ಕೊಳೆತು ಮೊಳೆಯಿತು. ಒಂದು ರೀತಿಯ ಹುಳಿ, ಬೆಚ್ಚಗಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಮಳೆಗಾಲದಲ್ಲಿ ಗ್ರೌಂಡ್ ಫ್ಲೋರಿನಲ್ಲಿ ಯಾವ ವಾಸನೆ ಇರುವುದಿಲ್ಲ ಎಂದು ಕಿಟಕಿ ಮುಚ್ಚಿದೆ.

ಇಲಿ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಪಂಪ್ ನಿಂತದ್ದು ಎಲ್ಲರಿಗೂ ಗೊತ್ತಾಯಿತು. ವಯರ್ ಕಡಿದಿದ್ದವು. ಹೊರಗೆ ಮಳೆ ಸುರಿಯುತ್ತಿರುವಾಗ ನಾಲ್ಕು ಮಾಳಿಗೆಯ ನಲ್ಲಿಗಳು ಎರಡು ದಿನ ಒಣಗಿದವು. ಮೂರನೇ ದಿನ ಬೆಳಿಗ್ಗೆ ಸೆಕ್ರೆಟರಿ, ಹಿಂದೆ ಹತ್ತು ಹನ್ನೆರಡು ಜನ, ಪಂಪಿನ ಕೋಣೆ ನೋಡಲು ಬಂದರು. ನಾನೂ ಹೋದೆ. ತಗಡಿನ ಆಚೆ ಒಂದು ಜೋಳದ ಚೀಲ, ಮೂಲೆ ಹರಿದು ಕಾಳು ಸುರಿದಿತ್ತು. ಎಲ್ಲರಿಗೂ ಅಷ್ಟೇ ಸಾಕಾಯಿತು. ಊರಿಂದ ಚೀಲಗಟ್ಟಲೆ ಧಾನ್ಯ ತಂದಿಡುತ್ತಾರೆ, ಗಲೀಜು ಜನ ಎಂದು ಮೇಲಿನ ಮಾಳಿಗೆಯ ಒಬ್ಬಾಕೆ ಮೂಗು ಮುಚ್ಚಿಕೊಂಡರು. ಸಿದ್ರಾಮಪ್ಪ ಟೋಪಿ ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿ ನಿಂತಿದ್ದ.

ಇಲಿಯ ಬಿಲ ಗೋಡೆಯ ಹೊರಮಗ್ಗುಲಲ್ಲಿತ್ತು, ನಾನು ನಿಂತ ಜಾಗದ ಪಕ್ಕದಲ್ಲೇ. ಅದರ ಬಾಯಿಯ ಸುತ್ತ ಸಿಪ್ಪೆ ಹರಡಿತ್ತು. ಜೋಳಕ್ಕೆ ಅಂಥ ಸಿಪ್ಪೆ ಇರುವುದಿಲ್ಲ. ಉದ್ದನೆಯ, ಕಪ್ಪುಬಿಳಿ ಪಟ್ಟೆಯ ಸಿಪ್ಪೆ, ಸೂರ್ಯಕಾಂತಿಯದು. ಇಡೀ ಸೊಸೈಟಿಯಲ್ಲಿ ಆ ಬೀಜ ಇದ್ದದ್ದು ಒಂದೇ ಮನೆಯಲ್ಲಿ.

ನಾನು ಅದರ ಮೇಲೆ ಚಪ್ಪಲಿ ಇಟ್ಟೆ.

ಯೋಚಿಸಿ ಇಟ್ಟದ್ದಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಲು ತಾನಾಗಿ ಹೋಯಿತು ಎಂದು. ಆದರೆ ಎಲ್ಲರೂ ಚದುರುವವರೆಗೆ ಅದನ್ನು ಅಲ್ಲಿಂದ ತೆಗೆಯಲಿಲ್ಲವಲ್ಲ, ಅದು ತಾನಾಗಿ ಅಲ್ಲ.

ಸಂಜೆ ಸೆಕ್ರೆಟರಿ ಲೆಟರ್‌ಹೆಡ್ ತಂದರು. ಕಮಿಟಿ ತೀರ್ಮಾನಿಸಿದೆ, ತಿಂಗಳ ಕೊನೆಗೆ ವಾಚ್‌ಮನ್ ಕೋಣೆ ಖಾಲಿ ಮಾಡಬೇಕು, ಬೇರೆಯವನನ್ನು ನೋಡುತ್ತಾರೆ. ಒರಟಾಗಿ ಬೇಡ, ಮ್ಯಾಡಮ್, ಪೊಲೈಟ್ ಇಂಗ್ಲಿಷಿನಲ್ಲಿ ಬರೆಯಿರಿ ಎಂದರು. ನಾನು ಬರೆದೆ. ನೀವು ನಂಬುವುದಿಲ್ಲ, ಅದು ನಾನು ಬರೆದ ಪತ್ರಗಳಲ್ಲೆಲ್ಲ ಚೆಂದದ್ದು. ಕಮಿಟಿ ವಿಷಾದಿಸುತ್ತದೆ, ಆರೋಗ್ಯದ ದೃಷ್ಟಿಯಿಂದ, ದೀರ್ಘ ಸೇವೆಯನ್ನು ಸ್ಮರಿಸುತ್ತಾ. ಒಂದು ಕಡೆಯೂ ತಿದ್ದಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಪಂಪಿನ ಸಂಗತಿ ಹೇಳಿದೆ. "ನೀನು ಎಂತ ಹೇಳಿದೆ?" ಎಂದು ಕೇಳಿದರು. ನಾನೇನೂ ಹೇಳಲಿಲ್ಲ ಎಂದೆ. "ಹಾಗಾದ್ರೆ ಸರಿ, ನಮಗ್ಯಾಕೆ" ಎಂದು ಮಜ್ಜಿಗೆ ಬಡಿಸಿಕೊಂಡರು. ಅಕ್ಷರಶಃ ಸುಳ್ಳು ಹೇಳದೆ ಸುಳ್ಳು ಹೇಳುವ ಕಲೆಯನ್ನು ಯಾವ ಕಾನ್ವೆಂಟೂ ಕಲಿಸುವುದಿಲ್ಲ, ಅದು ಸ್ವಂತ ಪ್ರತಿಭೆ.

ನಾಲ್ಕು ದಿನ ಕಳೆದು ನೀಲವ್ವ ಬಂದಳು. ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಒಣಗಿದ ಜೋಳದ ತೆನೆಗಳ ಕಟ್ಟು, ಇನ್ನೊಂದರಲ್ಲಿ ಮಡಿಸಿದ ಕಾಗದ. ತೆನೆ ನನ್ನ ಗುಬ್ಬಿಗಳಿಗೆ. ಅವರ ಮನೆಯಲ್ಲಿ ಮುಂದಿನ ಬಿತ್ತನೆಗೆಂದು ಜಂತಿಗೆ ಕಟ್ಟಿಟ್ಟದ್ದರಲ್ಲಿ ಕೇಳಿ ತಂದದ್ದಂತೆ. ಪ್ಲಾಸ್ಟಿಕ್ ಕೊಳವೆ ಬಿಸಾಡಿರಿ, ಇದನ್ನು ತಲೆಕೆಳಗಾಗಿ ಕಟ್ಟಿರಿ, ಎಷ್ಟು ಬೇಕೋ ಅಷ್ಟೇ ಕಿತ್ತು ತಿನ್ನುತ್ತವೆ ಎಂದಳು. ಹುಟ್ಟಿದ್ದು ಗಂಡುಮಗು, ಬಾಣಂತಿ ಆರಾಮಾಗಿದ್ದಾಳೆ ಎಂದಳು. ಆಮೇಲೆ ಕಾಗದ ಕೊಟ್ಟಳು. ಸಿದ್ರಾಮಪ್ಪನಿಗೆ ಬಾಯಲ್ಲಿ ಹೇಳಿದ್ದಾರೆ, ಆದರೆ ಕಾಗದದಲ್ಲಿ ಬೇರೆ ಏನಾದರೂ ಇರಬಹುದು, ಓದಿ ಹೇಳಿ ಎಂದಳು. ಆ ಬಿಲ್ಡಿಂಗಿನಲ್ಲಿ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಬಲ್ಲವಳು ನಾನೊಬ್ಬಳೇ.

ಓದಿದೆ. ನನ್ನದೇ ವಾಕ್ಯಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸುತ್ತ ಹೋದೆ. ಕಮಿಟಿಗೆ ಬೇಜಾರಾಗಿದೆ. ಹೈಜೀನ್ ಎಂದರೆ, ಅಂದರೆ ಸ್ವಚ್ಛತೆ. ನಿಮ್ಮ ಚೀಲದಿಂದ ಇಲಿ ಬಂದಿದೆ. ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ನೀಲವ್ವ ಕಾಗದವನ್ನೇ ನೋಡುತ್ತಿದ್ದಳು. ನನ್ನ ಮುಖವನ್ನಲ್ಲ, ಕಾಗದವನ್ನು.

"ಈ ಅಕ್ಷರ ನಿಮ್ದ ಅದ ಅಲ್ರಿ, ಬಾಯಾರ?" ಎಂದಳು. "ಡಬ್ಬಿ ಮ್ಯಾಲಿನ ಬಳ್ಳಿ."

ಹೌದು ಎಂದೆ. ಅದರ ಹಿಂದೆಯೇ ಉಳಿದದ್ದೂ ಬಂತು. ಸಿಪ್ಪೆ, ಚಪ್ಪಲಿ, ಎಲ್ಲ. ಅಳು ಬರಲಿಲ್ಲ. ಅಳು ಬಂದಿದ್ದರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಅವಳು ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ತಪ್ಪ ನಂದೂ ಅದ್ರಿ. ಹೋಗೂವಾಗ ಹೇಳಿ ಹೋಗ್ಬೇಕಿತ್ತು. ಹಕ್ಕಿ ಬಿಟ್ಟ ಕಾಳ ನೆಲದಾಗ ಇಟ್ಕೊಂಡ ಮಲಗಬಾರದು, ಇಲಿ ಬರ್ತಾವ. ದಿನಾ ಸಂಜಿಗಿ, ದೀಪಾ ಹಚ್ಚೂದ್ರಾಗ ನಾ ಕಸಾ ಹೊಡೀತಿದ್ದೆ."

ನನ್ನ ಬೆಳವಗಳು. ನನ್ನ ಎಕ್ಸಲೆಂಟ್ ಕ್ಲೀನರ್ಸ್.

ಒಂದೂವರೆ ವರ್ಷ, ಪ್ರತಿ ಸಂಜೆ, ನಾನು ಮುಂದಿನ ಕೋಣೆಯಲ್ಲಿ ಮಗಳಿಗೆ ಹೋಮ್‌ವರ್ಕ್ ಮಾಡಿಸುವ ಹೊತ್ತಿಗೆ, ಅವಳು ನನ್ನ ಹಿತ್ತಿಲು ಗುಡಿಸುತ್ತಿದ್ದಳು. ಕೇಳಿದವರಿಲ್ಲ, ಕೊಟ್ಟವರಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಇದರಲ್ಲೇನು ಹೇಳುವುದು, ಕೂತು ನೋಡಿದವರೇ ಗುಡಿಸಬೇಕಲ್ಲ ಎಂದಳು. ಅವಳ ಲೆಕ್ಕದಲ್ಲಿ ಗುಬ್ಬಿಗಳು ನನ್ನವಾಗಿರಲಿಲ್ಲ, ನಮ್ಮಿಬ್ಬರವು.

ಆ ಸಂಜೆಯೇ ಸೆಕ್ರೆಟರಿಯ ಮನೆಗೆ ಹೋದೆ. ಇಲಿ ಬಂದದ್ದು ನನ್ನ ಕಾಳಿನಿಂದ ಎಂದೆ. ಅವರು ನಕ್ಕರು. ಮ್ಯಾಡಮ್, ನಿಮ್ಮ ಮನಸ್ಸು ದೊಡ್ಡದು, ಆದರೆ ಇಂಥವರನ್ನು ಹೀಗೆ ಕಾಪಾಡಲು ಹೋಗಬಾರದು ಎಂದರು. ಅವರ ಹೆಂಡತಿ ಚಹಾ ತಂದಿಟ್ಟು ನನ್ನ ದಯೆಯನ್ನು ಹೊಗಳಿದರು. ನಾನು ತಪ್ಪು ಮಾಡಬಲ್ಲೆ ಎಂದು ನಂಬಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಅವರನ್ನು ಎಬ್ಬಿಸಿ ಕರೆತಂದು, ಬಿಲದ ಬಳಿ ಬಗ್ಗಿ, ಕೆಸರಿನಿಂದ ಸಿಪ್ಪೆ ಹೆಕ್ಕಿ ಅವರ ಅಂಗೈಗೆ ಹಾಕಿ, ನನ್ನ ಡಬ್ಬಿಯ ಬೀಜ ತಂದು ಪಕ್ಕದಲ್ಲಿಟ್ಟೆ. ಅವರ ಮುಖ ಬದಲಾಯಿತು. ಕಮಿಟಿ ಪತ್ರ ಹಿಂದೆಗೆದುಕೊಂಡಿತು. ಹಿಂದೆಗೆದುಕೊಳ್ಳುವ ಪತ್ರವನ್ನೂ ನಾನೇ ಬರೆದೆ, ಈ ಸಲ ಕನ್ನಡದಲ್ಲಿ ಇನ್ನೊಂದು ಪ್ರತಿ ಮಾಡಿ. ನನ್ನ ಕನ್ನಡದ ಅಕ್ಷರ ಮಕ್ಕಳದ್ದರಂತೆ ಸೊಟ್ಟಪಟ್ಟ. ಆಮೇಲೆ ಲೆಟರ್‌ಹೆಡ್ ನಮ್ಮ ಬಾಗಿಲಿಗೆ ಬರುವುದು ನಿಂತಿತು. ಅದರ ಬಗ್ಗೆ ದುಃಖವಾಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ಸಿದ್ರಾಮಪ್ಪ ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಆದರೆ ಅಷ್ಟರಲ್ಲಿ ಅವನು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಕೆಲಸಕ್ಕೆ ಒಪ್ಪಿ ಬಂದಿದ್ದ; ಊರಿನವರು ಇದ್ದಾರೆ, ಜೋಪಡಿ ಹಾಕಲು ಜಾಗ ಕೊಡುತ್ತಾರೆ. ಉಳಿಯಿರಿ ಎಂದು ನಾನು ಮೂರು ಸಲ ಹೇಳಿದೆ. ಅವನು ಮಾತಾಡಿದ್ದನ್ನು ನಾನು ಕೇಳಿದ್ದೇ ಅಪರೂಪ. "ಒಮ್ಮಿ ಹೋಗ ಅಂದ ಮ್ಯಾಲ ಉಳ್ಯೂದು ಚಲೋ ಅಲ್ರಿ, ತಾಯಿ" ಎಂದ. ಅಷ್ಟೇ.

ಅವರು ಹೊರಟದ್ದು ಮಳೆ ಹೊಳವಾಗಿ ಬಿಸಿಲು ಕಂಡಿದ್ದ ಒಂದು ಬೆಳಿಗ್ಗೆ. ಟೆಂಪೊಗೆ ಸಾಮಾನು ಏರಿಸಿದ ಮೇಲೆ ನೀಲವ್ವ ಹಿತ್ತಿಲಿಗೆ ಬಂದು, ಹಸಿರು ಕೊಳವೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಅದೇ ಕೊಂಬೆಗೆ ಒಂದು ತೆನೆ ಕಟ್ಟಿದಳು. ಕೆಳಗೆ ತನ್ನ ಮೊರವನ್ನು ಇಟ್ಟಳು, ಬಿದ್ದ ಕಾಳು ಅದರಲ್ಲಿ ನಿಲ್ಲಲಿ ಎಂದು. ಮೊರ ನಿಮಗೇ ಇರಲಿ ಎಂದಳು. ಟೆಂಪೊದವನು ಹಾರ್ನ್ ಹೊಡೆಯುತ್ತಿದ್ದ. ಅವಳು ಹೋಗಿ ಐದು ನಿಮಿಷವಾಗಿರಲಿಲ್ಲ, ಒಂದು ಗಂಡುಗುಬ್ಬಿ ಬಂದು ತೆನೆಗೆ ತಲೆಕೆಳಗಾಗಿ ಜೋತುಬಿದ್ದು ಕಾಳು ಬಿಡಿಸತೊಡಗಿತು. ಅದನ್ನು ಅವಳಿಗೆ ತೋರಿಸಬೇಕು ಎಂದು ನಾನು ಬಾಗಿಲಿನವರೆಗೆ ಓಡಿದೆ. ಬೀದಿಯಲ್ಲಿ ಹೊಗೆ ಮಾತ್ರ ಇತ್ತು.

ಆ ಕಟ್ಟಿನ ತೆನೆಗಳು ಮುಗಿದ ಮೇಲೆ ನಾನು ಮತ್ತೆ ಹಕ್ಕಿಗಳಿಗೆ ಏನೂ ಹಾಕಲಿಲ್ಲ. ಗುಬ್ಬಿಗಳು ಕೆಲವು ದಿನ ಬರೀ ಕೊಂಬೆಗೆ ಬಂದು ಕೂತು ಹೋದವು. ಇಂಗ್ಲಿಷ್ ಪುಸ್ತಕವನ್ನು ಲೈಬ್ರರಿಗೆ ಮರಳಿಸಿದೆ. ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಮಗಳು ಲೆಕ್ಕ ಮಾಡಿದಳು.

ಈಗ ನಾನು ಇರುವುದು ಮಗಳ ಮನೆಯಲ್ಲಿ, ಕಾಮೋಠೆಯ ಆರನೇ ಮಾಳಿಗೆ. ಯಜಮಾನರು ಹೋಗಿ ಒಂಬತ್ತು ವರ್ಷ. ಬಾಲ್ಕನಿಯಲ್ಲಿ ನಿಂತರೆ ಹೈವೇ ಆಚೆ ದೂರದಲ್ಲಿ ತಗಡಿನ ಶೆಡ್ಡುಗಳು ಬಿಸಿಲಿಗೆ ಹೊಳೆಯುತ್ತವೆ. ಅದೇ ಕಳಂಬೋಲಿ. ಫೀಡರಿನ ಪೆಟ್ಟಿಗೆ ಬಂದ ದಿನ ಮೊಮ್ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆ, ಚಪ್ಪಲಿಯನ್ನೂ ಬಿಡದೆ. ಅವಳು ಪೂರ್ತಿ ಕೇಳಿ, "ಫಿರ್ ಆಪ್ ಮಿಲೀ ಉನ್‌ಸೇ?" ಎಂದಳು. ಇಲ್ಲ, ಆಮೇಲೆ ಅವಳನ್ನು ಭೇಟಿಯಾಗಲಿಲ್ಲ ಎಂದೆ. ವಿಳಾಸವಿರಲಿಲ್ಲ ಎಂದು ಹೇಳಹೊರಟು ನಿಲ್ಲಿಸಿದೆ. ವಿಳಾಸ ಬೇಕಿರಲಿಲ್ಲ, ವಿಜಾಪುರದವರು ಎಲ್ಲಿದ್ದಾರೆ ಎಂದು ಒಬ್ಬ ಹಮಾಲನನ್ನು ಕೇಳಿದ್ದರೆ ಸಾಕಿತ್ತು. ಡೊಂಬಿವಲಿಯಿಂದ ದೂರ ಎನ್ನುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ರಿಕ್ಷಾದಲ್ಲಿ ಕಾಲು ಗಂಟೆಯ ದಾರಿ.

ಲೀಫ್‌ಲೆಟ್ಟನ್ನು ಕನ್ನಡಕ ಹಾಕಿ ಓದಿದೆ. ಮಿಕ್ಸ್ ಪ್ಯಾಕೆಟ್ ಬಿಸಾಡಿಸಿ, ಕಿರಾಣಿಯಿಂದ ಜೋಳ ತರಿಸಿದೆ. ಪ್ಲಾಸ್ಟಿಕ್ ಮನೆಯ ತಳಕ್ಕೆ ಮೊಮ್ಮಗಳ ಕೈಯಲ್ಲಿ ಬಿಸಿ ಸೂಜಿಯಿಂದ ಐದು ತೂತು ಮಾಡಿಸಿದೆ, ಮಳೆನೀರು ಹೋಗಲು. ಒಂದೇ ಹಿಡಿ ಕಾಳು. ಕೆಳಗೆ ಮೊರ. ಹೌದು, ಅದೇ ಮೊರ; ಎರಡು ಮನೆ ಬದಲಾಯಿಸಿದರೂ ಯಾಕೋ ಬಿಸಾಡಿರಲಿಲ್ಲ, ಅಂಚಿನ ಬಿದಿರು ಬಿಚ್ಚಿದೆ ಅಷ್ಟೇ. ನಾಲ್ಕು ದಿನ ಒಂದು ಹಕ್ಕಿಯೂ ಬರಲಿಲ್ಲ. ನಾಲ್ಕು ಸಂಜೆಯೂ ನಾನು ಮೊಣಕಾಲೂರಿ ಬಾಲ್ಕನಿ ಗುಡಿಸಿದೆ. ನಾಳೆ ಬೆಳಿಗ್ಗೆ ಕೆಲಸದ ಬಾಯಿ ಬಂದು ಗುಡಿಸುತ್ತಾಳೆ, ನಿನಗ್ಯಾಕೆ, ಅದೂ ಏನೂ ಬಿದ್ದಿಲ್ಲದ ನೆಲ ಎಂದು ಮಗಳು ಗೊಣಗಿದಳು.

ಐದನೇ ದಿನ ಸಂಜೆ ಮೊರದಲ್ಲಿ ಮೂರು ಜೋಳದ ಕಾಳಿತ್ತು, ಒಂದು ಅರ್ಧ ಕಚ್ಚಿದ್ದು. ಪಕ್ಕದಲ್ಲಿ ಒಂದು ಕಂದು ಗರಿ, ಬೆರಳ ಉಗುರಿನಷ್ಟು. ಮೊಮ್ಮಗಳು ಫೋನ್ ತಂದು ಫೋಟೊ ತೆಗೆಯಲು ಒಳಗೆ ಓಡಿದಳು. ನಾನು ಗೋಡೆ ಹಿಡಿದು ಮೆಲ್ಲಗೆ ಎದ್ದೆ. ದೀಪ ಹಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು. ಕಸಬರಿಗೆ ತಂದೆ.